ಮಾವ ಹಾಲೆಂಡಿನ ಮನೆ ನೋಡಿದ್ದು

ನಮ್ಮ ಸೋದರಮಾವ ನನಗಿಂತ ಮುಂಚೆ ಹನ್ನೊಂದು ಮಕ್ಕಳನ್ನು ಓದಲಿಕ್ಕೆಂದು ಫಾರಿನ್ನಿಗೆ ಕಳಿಸಿಕೊಟ್ಟಿದ್ದಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರ ಮನೆಯ ಮಗುವಿಗೆ ಹೊರದೇಶದ ಕಾಲೇಜಿನಲ್ಲಿ ಸೀಟು ಸಿಕ್ಕರೂ ಮೊದಲ ಫೋನು ಹೋಗುವುದು ಬೆಳಗೊಳದ ಇವರಿಗೆ. ಅಲ್ಲಿ ಚಳಿ ಹೇಗೆ, ಊಟ ಹೇಗೆ, ರೂಮು ಹೇಗೆ ಹಿಡಿಯಬೇಕು, ಏರ್‌ಪೋರ್ಟಿನಲ್ಲಿ ಯಾರನ್ನು ನಂಬಬೇಕು, ಎಲ್ಲಕ್ಕೂ ಇವರ ಹತ್ತಿರ ಉತ್ತರ ಇದೆ. ಇಲ್ಲದಿರುವುದು ಪಾಸ್‌ಪೋರ್ಟ್ ಒಂದೇ! ವಿಮಾನವನ್ನು ಅವರು ನೋಡಿರುವುದೆಲ್ಲ ಗದ್ದೆಯ ಬದುವಿನ ಮೇಲೆ ನಿಂತು, ಕತ್ತೆತ್ತಿ.

ಆ ಸಾಲಿನಲ್ಲಿ ಹನ್ನೆರಡನೆಯವಳು ನಾನು. ಮಾವನ ಮಾತು ಕೇಳಿ ಹಾಲೆಂಡಿಗೆ ಬಂದೆನೋ, ಕೇಳದೆ ಬಂದೆನೋ, ಇಲ್ಲಿಗೆ ಬಂದು ಒಂದು ವರ್ಷವಾದರೂ ನನಗೆ ಗೊತ್ತಾಗಿಲ್ಲ. ನಿಮಗೇನಾದರೂ ಗೊತ್ತಾದರೆ ಹೇಳಿ.

ಮೊದಲು ಮಾವನ ಅಸಲು ಕಸುಬು ಹೇಳಿಬಿಡುತ್ತೇನೆ. ಎರಡು ಎಕರೆ ಗದ್ದೆ, ನಾಲ್ಕು ಹಸು. ಆದರೆ ಊರೂರಿಗೆ ಗೊತ್ತಿರುವುದು ಆ ಕಾರಣಕ್ಕಲ್ಲ. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹೆಣ್ಣಿನವರು ಹೋಗಿ ಗಂಡಿನ ಮನೆ ನೋಡಿಕೊಂಡು ಬರುವ ಪದ್ಧತಿ ಉಂಟಲ್ಲ, ಆ ಗುಂಪಿನಲ್ಲಿ ನಮ್ಮ ಮಾವ ಇರಲೇಬೇಕು. ಬಂಧುಗಳಲ್ಲದಿದ್ದರೂ ಕರೆಯುತ್ತಾರೆ. ಉಳಿದವರೆಲ್ಲ ಹಾಲಿನಲ್ಲಿ ಕೂತು ಉಪ್ಪಿಟ್ಟು ಹೊಗಳುತ್ತಿದ್ದರೆ ಮಾವ ಸೀದಾ ಹಿತ್ತಲಿಗೆ ಹೋಗುತ್ತಾರೆ. ಒಲೆ ನೋಡುತ್ತಾರೆ, ಬಚ್ಚಲು ನೋಡುತ್ತಾರೆ, ನಾಯಿ ಕಟ್ಟಿದ ಹಗ್ಗ ಎಷ್ಟುದ್ದ ಇದೆ ಅಂತ ನೋಡುತ್ತಾರೆ. ಮುಂಬಾಗಿಲು ಸುಳ್ಳು ಹೇಳಬಹುದು, ಹಿತ್ತಲು ಹೇಳಲ್ಲ ಅನ್ನುವುದು ಅವರ ಸಿದ್ಧಾಂತ.

ಬೂಕನಕೆರೆಯ ಒಂದು ಮನೆಯಲ್ಲಿ ಕಾಲಿಟ್ಟರೆ ಜಾರುವಂಥ ಮಾರ್ಬಲ್ ಹಾಕಿಸಿದ್ದರಂತೆ. ಬೀಗರಾಗಬೇಕಾದವರು ಅದರ ರೇಟು ಹೇಳುತ್ತಿರುವಾಗಲೇ ಮಾವ ಹಿಂದಿನಿಂದ ಬಂದು ನಿಂತರು.

“ಬಚ್ಚಲು ಬಾಗ್ಲಿಗೆ ಚಿಲ್ಕ ಇಲ್ಲ. ಮಾರ್ಬಲ್ಲಿಗೆ ದುಡ್ಡಿತ್ತು, ಚಿಲ್ಕಕ್ಕೆ ಇರ್ನಿಲ್ವಾ?”

ಮಾತುಕತೆ ಅಲ್ಲಿಗೇ ನಿಂತಿತು. ಬಡಗಿಯನ್ನು ಕರೆಸಿ, ಚಿಲಕ ಜಡಿಸಿ, ಮಾವ ಒಳಗೆ ಹೋಗಿ ಹಾಕಿ ತೆಗೆದು ಪರೀಕ್ಷೆ ಮಾಡಿದ ಮೇಲೇ ವೀಳ್ಯ ಬದಲಾಯಿತು. ಆ ಹುಡುಗಿ ಇವತ್ತಿಗೂ ಮಾವನನ್ನು ಕಂಡರೆ ಕಾಲಿಗೆ ಬೀಳುತ್ತಾಳೆ.

ಇಂಥ ಮನುಷ್ಯ ಫಾರಿನ್ ಓದಿನೊಳಗೆ ಹೇಗೆ ನುಗ್ಗಿದರು? ಪಾಂಡವಪುರದ ಒಬ್ಬ ಹುಡುಗನಿಗೆ ಯಾವುದೋ ಹಿಮದ ದೇಶದಲ್ಲಿ ಮೆಡಿಕಲ್ ಸೀಟು ಸಿಕ್ಕಿತು. ಅವನ ತಾಯಿ ಮೂರು ದಿನ ಊಟ ಬಿಟ್ಟು, ಕಡೆಗೆ ಮಾವನ ಹತ್ತಿರ ಬಂದು ಅತ್ತಳು. ಮಾವ ತೀರ್ಪು ಕೊಟ್ಟರು: “ಗಂಡುಡ್ಗ ಆದ್ರೇನವ್ವ, ಮನೆ ಬುಟ್ಟು ಕಾಣದೂರ್ಗೆ ಹೋಗೋದು ಅಂದ್ರೆ ಅದು ಹೆಣ್ ಕೊಟ್ಟಂಗೇ. ಮದ್ವೆ ಲೆಕ್ಕದಲ್ಲೇ ಮಾಡಣ.”

ಅವತ್ತಿನಿಂದ ಮದುವೆ ಲೆಕ್ಕವೇ. ಕಾಲೇಜಿನವರು ಬೀಗರು. ಸೀಟಿನ ಪತ್ರ ಬಂದರೆ ಹೆಣ್ಣು ಒಪ್ಪಿದರು ಅಂತ. ವೀಸಾದವರು ಪ್ರಶ್ನೆ ಕೇಳುವುದು ಹೆಣ್ಣು ನೋಡುವ ಶಾಸ್ತ್ರ: “ಕೇಳಿದ್ದಕ್ಕೆ ಮಾತ್ರ ಉತ್ರ ಹೇಳು, ಅಡುಗೆ ಬತ್ತದೆ ಅಂತ ಜಂಬ ಕೊಚ್ಕೋಬೇಡ.” ನೀವು ನಗಬಹುದು. ಆದರೆ ಆ ಹುಡುಗ ಇಂಟರ್‌ವ್ಯೂ ಪಾಸಾದ! ಅದಾದ ಮೇಲೆ ನಾಲ್ಕು ತಾಲ್ಲೂಕಿನ ತಾಯಂದಿರೂ ಕಂಪ್ಯೂಟರ್ ಮುಂದೆ ಕೂರುವ ಏಜೆಂಟರನ್ನು ಬಿಟ್ಟು ಬೆಳಗೊಳದ ಬಸ್ಸು ಹತ್ತಿದರು.

ಈಗ ನನ್ನ ಕಥೆ. ನಮ್ಮದು ನಾಗಮಂಗಲ. ಅಪ್ಪ ಮೇಷ್ಟ್ರು, ಅಮ್ಮ ಬೆಳಗೊಳದ ಹೆಣ್ಣು. ನಾನು ಹಾಲಿನ ತಂತ್ರಜ್ಞಾನ ಓದಿದ್ದೆ. ಹಾಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಕೋರ್ಸಿಗೆ, ಅದೂ ವಿದ್ಯಾರ್ಥಿವೇತನದ ಜೊತೆಗೆ, ಸೀಟು ಸಿಕ್ಕಿತು. ಮಾವನಿಗೆ ಫೋನ್ ಮಾಡಿದೆ.

“ಹಾಲಿನ ವಿಚಾರ ಕಲಿಯೋಕೆ ಅಷ್ಟು ದೂರ್ವಾ? ನಮ್ ಕೊಟ್ಟಿಗೇಲಿ ನಾಲ್ಕವೆ. ಬಾ, ನಾನೇ ಕಲುಸ್ತೀನಿ,” ಅಂದರು. ಆಮೇಲೆ ದನಿ ತಗ್ಗಿಸಿ, “ಇರ್ಲಿ. ಉಳ್ಕೊಳ್ಳೋ ಮನೆ ಎಂಗದೆ?” ಅಂತ ಕೇಳಿದರು.

ಸರಿಯಾಗಿ ಗಾಯದ ಮೇಲೇ ಕೈಯಿಟ್ಟಿದ್ದರು. ಹಾಲೆಂಡಿನಲ್ಲಿ ಸೀಟು ಸಿಗುವುದು ಸುಲಭ, ರೂಮು ಸಿಗುವುದು ಕಷ್ಟ. ವಿಶ್ವವಿದ್ಯಾಲಯದವರೇ ಪತ್ರದಲ್ಲಿ ಬರೆದಿದ್ದರು: ಆಗಸ್ಟ್ ಮಧ್ಯದೊಳಗೆ ರೂಮು ಗೊತ್ತಾಗದಿದ್ದರೆ ದಯವಿಟ್ಟು ಬರಬೇಡಿ. ಸೀಟು ಕೈಯಲ್ಲಿದೆ, ವಿದ್ಯಾರ್ಥಿವೇತನ ಕೈಯಲ್ಲಿದೆ, ಒಂದು ರೂಮು ಇಲ್ಲದೆ ಎಲ್ಲಾ ಕೈತಪ್ಪುತ್ತದೆ! ನನಗೆ ಆರು ವಾರ ಉಳಿದಿತ್ತು. ನಾನು ಹಗಲೆಲ್ಲ ಫೋನಿನಲ್ಲಿ ರೂಮು ಹುಡುಕುವುದು, ಮಾವ ಹಗಲೆಲ್ಲ ಅದೇ ಫೋನಿಗೆ ಸಲಹೆ ಕಳಿಸುವುದು.

ಸಲಹೆಗಳಾದರೂ ಎಂಥವು! ಸೋಮವಾರ: “ಹೋದ ಮೊದಲ್ನೇ ವಾರ ಬಾಯಿ ಮುಚ್ಕೊಂಡು ಕಣ್ ಬುಟ್ಕೊಂಡಿರು.” ಮಂಗಳವಾರ: “ಹೋದ ದಿವ್ಸವೇ ಅಕ್ಕಪಕ್ಕದೋರ್ನ ಮಾತಾಡುಸ್ಬುಡು, ಜ್ವರ ಬಂದ್ರೆ ಅವ್ರೇ ನೋಡೋದು.” ಮಾತಾಡಬೇಕೋ, ಬೇಡವೋ? ಕೇಳಿದರೆ, “ಎರಡ್ನೂ ಮಾಡು ಕಣಮ್ಮಿ,” ಅನ್ನುವರು. ಕಾಗದಪತ್ರ ಕೈಚೀಲದಲ್ಲಿಟ್ಟುಕೋ, ಯಾರಾದರೂ ಚೀಲ ಹಿಡಿದುಕೊಳ್ಳಿ ಅಂದರೆ ಹಿಡಿದುಕೊಳ್ಳಬೇಡ, ಅಂತ ಒಂದು ಸಲ ಹೇಳಿದರೆ, ಇನ್ನೊಂದು ಸಲ, ವಯಸ್ಸಾದ ಹೆಂಗಸರು ಸಿಕ್ಕರೆ ಅವರ ಚೀಲ ನೀನೇ ಹಿಡಿದುಕೋ ಅನ್ನುವರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲು ಹೋಗಿ, ಎರಡನೇ ಪುಟಕ್ಕೇ ತಲೆ ಕೆಟ್ಟು ನಿಲ್ಲಿಸಿದೆ.

ಆಮೇಲೆ ಮಡಿಲಕ್ಕಿ! ಗಂಡನ ಮನೆಗೆ ಹೊರಟವಳಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಮಡಿಲಿಗೆ ತುಂಬುತ್ತಾರೆ ಸರಿ, ಎಂಎಸ್ಸಿಗೆ ಹೊರಟವಳಿಗೂ ತುಂಬಬೇಕೇ? ನಾನು ವಿಮಾನದ ನಿಯಮ ಓದಿ ಹೇಳಿದೆ. ತುಪ್ಪ ಆ ದೇಶದವರು ಒಳಗೆ ಬಿಡುವುದಿಲ್ಲ, ಕೊಬ್ಬರಿ ವಿಮಾನದವರು ಬಿಡುವುದಿಲ್ಲ, ಬೆಂಕಿ ಹತ್ತಿಕೊಳ್ಳುತ್ತದಂತೆ.

“ಕೊಬ್ರಿಗೆ ಎದ್ರೋ ವಿಮಾನದಲ್ಲಿ ನಮ್ ಹುಡ್ಗೀನ ಕಳ್ಸದಾ?” ಅಂದರು ಮಾವ.

ಕಡೆಗೆ ಅಕ್ಕಿ ಬೆಲ್ಲಕ್ಕೆ ಒಪ್ಪಂದವಾಗಿ, ಅದನ್ನು ತುಂಬಿಸಿಕೊಳ್ಳಲು ನಾನು ಸೂಟ್‌ಕೇಸಿನ ಸಮೇತ ಬೆಳಗೊಳಕ್ಕೆ ಹೋದೆ. ಸೂಟ್‌ಕೇಸು ಇಪ್ಪತ್ತಮೂರು ಕೆಜಿ ದಾಟುವ ಹಾಗಿಲ್ಲ ಅಂತ ನಾನು ಹೇಳಿದ್ದೇ ತಪ್ಪಾಯಿತು. ಮಾವ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು, ಬೆಲ್ಲ ಕಾಯಿಸುವ ಆಲೆಮನೆಗೆ ಒಯ್ದು, ಬೆಲ್ಲ ತೂಗುವ ತಕ್ಕಡಿಯಲ್ಲಿಟ್ಟು ತೂಗಿಸಿಕೊಂಡು ಬಂದರು. ತೂಕ ಕರಾರುವಾಕ್ಕು! ಆದರೆ ಸೂಟ್‌ಕೇಸಿನ ತಳಕ್ಕೆ ಹಿಡಿದಿದ್ದ ಬೆಲ್ಲದ ಅಂಟು ಯಾರ ಕಣ್ಣಿಗೂ ಬೀಳಲಿಲ್ಲ.

ಅದು ಗೊತ್ತಾಗಿದ್ದು ರಿಹರ್ಸಲ್ ದಿನ. ನಾನು ದುಬೈನಲ್ಲಿ ಇಳಿದು ವಿಮಾನ ಬದಲಾಯಿಸಬೇಕು ಅಂದಿದ್ದಕ್ಕೆ ಮಾವ, “ಅದೇನ್ ಮಹಾ? ಬಸ್ ಬದಲಾಯ್ಸ್ದಂಗೆ. ಒಂದ್ಸಲ ಮಾಡ್ಬುಡಣ ನಡಿ,” ಅಂದರು. ಹೀಗಾಗಿ ನಾನು ತುಂಬಿದ ಸೂಟ್‌ಕೇಸ್ ಎಳೆದುಕೊಂಡು ಬೆಳಗೊಳದಿಂದ ಶ್ರೀರಂಗಪಟ್ಟಣ, ಅಲ್ಲಿಂದ ಪಾಂಡವಪುರ, ಅಲ್ಲಿಂದ ಕೆ.ಆರ್. ಪೇಟೆ, ಅಲ್ಲಿಂದ ನಾಗಮಂಗಲ, ಅಂತೂ ನೆಟ್ಟಗೆ ಹೋದರೆ ಮುಗಿಯುವ ದಾರಿಯನ್ನು ನಾಲ್ಕು ಬಸ್ಸಿನಲ್ಲಿ ಸುತ್ತಬೇಕಾಯಿತು. ಪಾಂಡವಪುರ ದಾಟುವಷ್ಟರಲ್ಲಿ, ಬೆಲ್ಲದ ಅಂಟಿಗೆ ಮುತ್ತಿದ್ದ ಇರುವೆಗಳು ಸೂಟ್‌ಕೇಸು ಬಿಟ್ಟು ಪ್ರಯಾಣಿಕರನ್ನು ಹತ್ತಲು ಶುರು ಮಾಡಿದವು. ಮುಂದಿನ ಸೀಟಿನ ಅಜ್ಜಿ ಎದ್ದು ನಿಂತು ಸೀರೆ ಕೊಡವಿ, “ಅದೇನವ್ವ ತುಂಬ್ಕೊಂಡಿದೀಯ, ತಿಥಿ ಮನೆಗೊಂಟಿದೀಯಾ?” ಅಂದಳು.

ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮಾವ, “ಇದೇ ದುಬಾಯಿ ಅಂದ್ಕೊ,” ಅಂದವರು ಕಬ್ಬಿನ ಹಾಲಿನ ಅಂಗಡಿ ಪಕ್ಕ ಗತ್ತಿನಿಂದ ನಿಂತು, ಅಧಿಕಾರಿಯ ದನಿಯಲ್ಲಿ ಶುರು ಮಾಡಿದರು.

“ಎಲ್ಲಿಗೋಯ್ತಾ ಇದೀಯಾ?”

“ನಾಗಮಂಗಲಕ್ಕೆ.”

“ಯಾತಕ್ಕೆ?”

“ನಮ್ಮನೆ ಅಲ್ಲೇ ಇರೋದು ಮಾವ!”

“ಮಾವ ಅನ್ಬಾರ್ದು! ಸಾರ್ ಅನ್ನು. ಫೇಲ್!”

ಕಬ್ಬಿನ ಹಾಲು ಕುಡಿಯುತ್ತಿದ್ದವರೆಲ್ಲ ನನ್ನನ್ನೇ ನೋಡಿದರು, ಯಾವ ಪರೀಕ್ಷೆಯಲ್ಲಿ ಈ ಹುಡುಗಿ ಫೇಲಾಯಿತು ಅಂತ. ನಾನು ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ನಾಗಮಂಗಲದ ಬಸ್ಸು ಹತ್ತಿದೆ. ಬಸ್ಸು ಹೊರಟ ಮೇಲೆ ನೋಡುತ್ತೇನೆ, ಮಾವನೇ ಇಲ್ಲ! ಅರ್ಧ ಗಂಟೆ ಬಿಟ್ಟು ಫೋನ್ ಬಂತು. ನಮ್ಮ ಮಾರ್ಗದರ್ಶಕರು ಪಕ್ಕದ ಬಸ್ಸು ಹತ್ತಿ ಕಿಕ್ಕೇರಿಗೆ ಹೋಗಿ ಇಳಿದಿದ್ದರು. “ನೋಡ್ದಾ, ಬೋರ್ಡು ಓದ್ದೆ ಹತ್ತುದ್ರೆ ಇಂಗೇ ಆಗೋದು. ಇದ್ನೇ ನಿಂಗೆ ತೋರ್ಸಾಣ ಅಂತಿದ್ದೆ,” ಅಂದರು. ಬೇಕೆಂದೇ ಹತ್ತಿದರೋ, ತಪ್ಪಿ ಹತ್ತಿದರೋ? ಅದೂ ನನಗೆ ಇವತ್ತಿನವರೆಗೂ ಸ್ಪಷ್ಟವಿಲ್ಲ.

ಈ ನಡುವೆ ಒಂದು ರೂಮು ಸಿಕ್ಕಿತು. ದೊಡ್ಡ ಕಿಟಕಿ, ಬಿಳಿ ಗೋಡೆ, ಬಾಡಿಗೆಯೂ ಕಡಿಮೆ. ಮಾಲೀಕ ಸದ್ಯಕ್ಕೆ ಬೇರೆ ದೇಶದಲ್ಲಿದ್ದಾನಂತೆ, ಮುಂಗಡ ಕಳಿಸಿದರೆ ಬೀಗದ ಕೈ ಕೊರಿಯರಿನಲ್ಲಿ ಬರುತ್ತದಂತೆ. ನಾನು ಕುಣಿದಾಡಿಬಿಟ್ಟೆ. ಮಾವ ಒಂದೇ ಮಾತು ಕೇಳಿದರು: “ಮನೆ ತೋರ್ಸ್ತಾನಾ?”

“ಅವನು ಊರಲ್ಲಿಲ್ಲ ಮಾವ. ಫೋಟೊ ಕಳಿಸಿದ್ದಾನಲ್ಲ.”

“ಫೋಟೋದಲ್ಲಿ ಮದ್ವೆ ಗಂಡು ಎಲ್ಲಾನೂವೆ ಚೆನ್ನಾಗೇ ಇರ್ತವೆ. ಮನೆ ತೋರ್ಸಾಕಿಲ್ಲ ಅನ್ನೋನು ಬೀಗನೇ ಅಲ್ಲ. ಒಂದ್ ರೂಪಾಯಿ ಕಳಿಸ್ಕೂಡ್ದು ನೀನು.”

ನಾನು ಎರಡು ದಿನ ಮುನಿಸಿಕೊಂಡು ಮಾತು ಬಿಟ್ಟೆ. ಮೂರನೇ ದಿನ ನೋಡಿದರೆ ಆ ಜಾಹೀರಾತೇ ಮಾಯ! ಅದಕ್ಕೆ ದುಡ್ಡು ಕಟ್ಟಿದ್ದ ಒಬ್ಬ ಹುಡುಗಿ, ಆ ವಿಳಾಸದಲ್ಲಿ ಮನೆಯೇ ಇಲ್ಲ, ಬರೀ ಸೈಕಲ್ ಅಂಗಡಿ ಇದೆ ಅಂತ ವಿದ್ಯಾರ್ಥಿಗಳ ಗುಂಪಿನಲ್ಲಿ ಬರೆದು ಅತ್ತಿದ್ದಳು. ಮಾವ ಹುಚ್ಚರೋ, ಜಾಣರೋ? ಅವರು ಹೇಳಿದ್ದರಲ್ಲಿ ಯಾವುದಕ್ಕೆ ನಗಬೇಕು, ಯಾವುದನ್ನು ನಂಬಬೇಕು? ನನ್ನ ಗೊಂದಲ ಇನ್ನೂ ಹೆಚ್ಚಾಯಿತು.

ಗಡುವಿಗೆ ಒಂದು ವಾರ ಉಳಿದಾಗ ನಿಜವಾದ ಮನೆಯೊಂದರಿಂದ ಕರೆ ಬಂತು. ನಾಲ್ಕು ವಿದ್ಯಾರ್ಥಿಗಳು ಸೇರಿ ಇರುವ ಮನೆ, ಐದನೇ ರೂಮು ಖಾಲಿ. ಅಲ್ಲಿಯ ಪದ್ಧತಿ ಏನೆಂದರೆ ರೂಮು ಕೇಳಿದವರನ್ನೆಲ್ಲ ಮನೆಯವರು ಕರೆದು ಮಾತಾಡಿಸಿ, ಮನಸ್ಸಿಗೆ ಬಂದವರನ್ನು ಆರಿಸಿಕೊಳ್ಳುತ್ತಾರೆ. ಸಾಕ್ಷಾತ್ ಹೆಣ್ಣು ನೋಡುವ ಶಾಸ್ತ್ರ! ಮಾವನ ಮದುವೆ ಲೆಕ್ಕ ಇಷ್ಟು ನಿಜವಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ಶನಿವಾರ ಮಧ್ಯಾಹ್ನ ವಿಡಿಯೋ ಕರೆ, ಅರ್ಧ ಗಂಟೆ. ಇದು ತಪ್ಪಿದರೆ ಹಾಲೆಂಡ್ ತಪ್ಪಿದ ಹಾಗೆಯೇ. ನಾನು ಕನ್ನಡಿ ಮುಂದೆ ನಗುವುದನ್ನು ಅಭ್ಯಾಸ ಮಾಡಿದೆ. ಮಾವನಿಗೆ ಯಾರೂ ಹೇಳಬೇಡಿ ಅಂತ ಮನೆಯಲ್ಲಿ ಅಪ್ಪಣೆ ಮಾಡಿದೆ.

ಶನಿವಾರ ಮಧ್ಯಾಹ್ನ ಎರಡಕ್ಕೆ ಮಾವ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ನಮ್ಮ ಮನೆಯ ಸೋಫಾದ ಮೇಲೆ ಕೂತಿದ್ದರು! ಅಮ್ಮನನ್ನು ನೋಡಿದರೆ ಅಮ್ಮ ಗೋಡೆ ನೋಡಿದಳು.

ನಾನು ನನ್ನ ಹೆಸರು, ಊರು ಹೇಳಿ ಮುಗಿಸುವಷ್ಟರಲ್ಲಿ ಮಾವ ಪರದೆಯೊಳಗೆ ತಲೆ ತೂರಿಸಿ ಕೈಮುಗಿದರು. ಆ ಕಡೆಯ ನಾಲ್ವರೂ ಪಾಪ, ಕೈಮುಗಿದರು.

“ಹಿತ್ಲು ತೋರ್ಸಕ್ಕೇಳು,” ಅಂದರು ಮಾವ.

ಏನು ಮಾಡಲಿ? ಅನುವಾದಿಸಿದೆ. ಒಬ್ಬ ಉದ್ದನೆಯ ಹುಡುಗ ಲ್ಯಾಪ್‌ಟಾಪ್ ಎತ್ತಿಕೊಂಡು ಹಿತ್ತಲಿಗೆ ನಡೆದ. ಮಾವ ಸೈಕಲ್ ಎಣಿಸಿದರು.

“ನಾಲ್ಕ್ ಜನಕ್ಕೆ ಐದ್ ಸೈಕಲ್ಲು. ಐದ್ನೇದು ಯಾರ್ದು?”

ಮೊದಲು ರೂಮಿನಲ್ಲಿದ್ದ ಹುಡುಗಿಯದಂತೆ. ಅವಳು ಯಾಕೆ ಬಿಟ್ಟು ಹೋದಳು? ಓದು ಮುಗಿಯಿತಂತೆ. “ಅವ್ಳ ನಂಬರ್ ಇಸ್ಕೊ. ಮೊದ್ಲು ಇದ್ದೋಳ್ನ ಕೇಳ್ದೆ ಮನೆ ಒಪ್ಕೋಬಾರ್ದು,” ಅಂದರು. ಬಚ್ಚಲು ತೋರಿಸಿ ಅಂದರು, ಚಿಲಕ ಹಾಕಿ ತೆಗೆಸಿದರು. ನಲ್ಲಿ ಬಿಡಿಸಿದರು. ನೀರು ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿದರು. ಇಡೀ ದಿನ ಅಂದಿದ್ದನ್ನು ನಂಬದೆ, ತಮ್ಮ ಕಾಫಿ ಮುಗಿಯುವವರೆಗೂ ಬಿಟ್ಟೇ ಇರಲು ಹೇಳಿದರು. ನೀರು ಪೋಲಾಗುತ್ತಿದೆಯಲ್ಲ ಎಂಬ ಸಂಕಟದಲ್ಲಿ ಆ ಹುಡುಗ ಒಂದು ಪಾತ್ರೆ ತಂದು ಹಿಡಿದ. ಅಷ್ಟಕ್ಕೇ ನಿಲ್ಲಿಸಿದರೇ? ಅಡುಗೆಮನೆ ಗೋಡೆಯ ಮೇಲಿದ್ದ ಒಂದು ಹಾಳೆ ನೋಡಿ ಅದೇನು ಅಂತ ಕೇಳಿದರು. ಮನೆ ಗುಡಿಸಿ ಒರೆಸುವ ಸರದಿಯ ಪಟ್ಟಿ. ಯಾವುದು ಯಾರ ಹೆಸರು ಅಂತಲೂ ಕೇಳಿಕೊಂಡರು.

“ಈ ಉದ್ದನ್ ಹೈದನ್ ಹೆಸ್ರು ಒಂದೇ ಕಡೆ ಅದೆ, ಮಿಕ್ಕೋರ್ದು ಮೂರ್ ಮೂರ್ ಕಡೆ ಅದೆ. ಯಾಕೆ ಅಂತ ಕೇಳು.”

ಕೇಳಿದೆ. ಆ ಕಡೆ ಎಲ್ಲರೂ ಉದ್ದನೆಯ ಹುಡುಗನ ಕಡೆ ತಿರುಗಿದರು. ಅಷ್ಟರಲ್ಲಿ ಅರ್ಧ ಗಂಟೆ ಮುಗಿದು ಕರೆ ನಿಂತಿತು. ಅಭ್ಯಾಸ ಮಾಡಿದ್ದ ನಗು ಬಳಕೆಯಾಗದೆ ನನ್ನ ಮುಖದಲ್ಲೇ ಉಳಿದಿತ್ತು.

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. “ಎಲ್ಲಾ ಹಾಳು ಮಾಡಿಬಿಟ್ಟೆ ಮಾವ! ಹೆಣ್ಣು ನೋಡೋಕೆ ಬಂದವರನ್ನ ಕೋರ್ಟಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿದೆ. ನಿನಗೇನು ಗೊತ್ತು? ನೀನು ನೋಡಿ ಒಪ್ಪಿದ ಮನೆಗಳೆಲ್ಲ ಚೆನ್ನಾಗೇ ಇದ್ದವಾ?”

ಮಾವ ಒಂದು ಸಲ ಅಮ್ಮನ ಮುಖ ನೋಡಿದರು. ಟವೆಲ್ಲು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಊಟ ಮಾಡದೆ ಹೊರಟುಹೋದರು. ಅಕ್ಕನ ಮನೆಯಿಂದ ಅವರು ಉಣ್ಣದೆ ಹೋದದ್ದು ನಾನು ಕಂಡಂತೆ ಅದೇ ಮೊದಲು.

“ಆ ಮಾತ್ ಅನ್ಬಾರ್ದಾಗಿತ್ತು ನೀನು,” ಅಂದಳು ಅಮ್ಮ. ಯಾಕೆ ಅಂತ ಹೇಳಲಿಲ್ಲ.

ಸೋಮವಾರ ಆ ಮನೆಯಿಂದ ಸಂದೇಶ ಬಂತು: ರೂಮು ಕೇಳಿದವರೆಲ್ಲ ಮನೆ ಬಹಳ ಚಂದ ಅಂದರು. ಸರದಿಯ ಪಟ್ಟಿಯಲ್ಲಿರುವ ಅನ್ಯಾಯ ಕಂಡುಹಿಡಿದವರು ನಿಮ್ಮ ಮಾವ ಒಬ್ಬರೇ. ಆಮೇಲೆ ನಾವು ಒಂದು ಗಂಟೆ ಜಗಳವಾಡಿ ಪಟ್ಟಿ ಬದಲಾಯಿಸಿದೆವು. ರೂಮು ನಿಮ್ಮದೇ, ಬನ್ನಿ, ಅಂತ ಬರೆದಿದ್ದರು! ನಾನು ಮಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು, “ನಡಿ, ಬೆಳಗೊಳಕ್ಕೆ ಹೋಗಣ,” ಅಂದಳು.

ಮಾವ ಕೊಟ್ಟಿಗೆಯಲ್ಲಿ ಹಸುಗಳಿಗೆ ಹುಲ್ಲು ಹಾಕುತ್ತಿದ್ದರು. ನಾನು ರೂಮು ಸಿಕ್ಕ ಸಂಗತಿ ಹೇಳಿದೆ, ನಿನ್ನಿಂದಲೇ ಸಿಕ್ಕಿದ್ದು ಅಂದೆ, ಅವತ್ತು ಅಂದದ್ದು ತಪ್ಪಾಯಿತು ಅಂದೆ.

“ತಪ್ಪೇನಿಲ್ಲ ಬುಡಮ್ಮಿ. ಸರ್ಯಾಗೇ ಕೇಳ್ದೆ ನೀನು,” ಅಂದವರು, ಅಮ್ಮನ ಮುಖ ನೋಡದೆ ಹುಲ್ಲಿನ ಕಂತೆ ನೋಡಿಕೊಂಡು ಹೇಳಿದರು: “ಅಕ್ಕ, ನಿನ್ ಮದ್ವೆಗೆ ಮುಂಚೆ ಭಾವನ್ ಮನೆ ನೋಡ್ಕೊಂಡ್ ಬಾ ಅಂತ ಅಪ್ಪ ನನ್ನ ಕಳ್ಸಿತ್ತಲ್ಲ. ನಾನು ಹೋಗ್ನೇ ಇಲ್ಲ.”

ಆ ವರ್ಷ ತಾತ ಕಾಲು ಮುರಿದುಕೊಂಡು ಮಲಗಿದ್ದರಿಂದ, ನಾಗಮಂಗಲದ ಪಕ್ಕದ ನಮ್ಮ ಹಳ್ಳಿಯ ಮನೆ ನೋಡಲು ಹತ್ತೊಂಬತ್ತು ವರ್ಷದ ಮಗನೊಬ್ಬನನ್ನೇ ಕಳಿಸಿದ್ದರು. ಮಗ ಸಂಜೆ ತಿರುಗಿ ಬಂದು, ಮನೆ ಚೆನ್ನಾಗಿದೆ, ಬಾಗಿಲಲ್ಲೇ ಬಾವಿ ಇದೆ, ಬಗ್ಗಿದರೆ ನೀರು ಅಂದಿದ್ದ. ಆ ಮಾತಿನ ಮೇಲೆ ನಾಲೆ ನೀರಿನ ಊರಿನ ಹೆಣ್ಣನ್ನು ಒಣ ಸೀಮೆಗೆ ಕೊಟ್ಟರು. ಮನೆ ಮುಂದೆ ಬಾವಿ ಇರಲಿಲ್ಲ. ನಾವು ನಾಗಮಂಗಲ ಪೇಟೆಗೆ ಬರುವವರೆಗೂ ಅಮ್ಮ ಒಂದು ಮೈಲಿ ದೂರದಿಂದ ನೀರು ಹೊತ್ತಳು. ಅಮ್ಮನ ನೆತ್ತಿಯ ಕೂದಲು ಅಷ್ಟು ತೆಳ್ಳಗೇಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

“ಪಾಂಡವಪುರದಲ್ಲಿ ಬಸ್ ಬದಲಾಯ್ಸೋಕೆ ಇಳುದ್ನಾ, ಎದುರ್ಗೇ ಟಾಕೀಸು. ಸಿನ್ಮಾಕ್ಕೆ ಹೋಗ್ಬುಟ್ಟೆ ಅಕ್ಕ. ಬಾವಿ ಗೀವಿ ಎಲ್ಲಾ ನಾನೇ ಕಟ್ಟಿ ಹೇಳಿದ್ದು. ಗೌರಿ ಹಬ್ಬಕ್ಕೆ ಬಾಗಿನ ತಕ್ಕೊಂಡ್ ಬಂದಾಗ, ನೀನು ತಲೆ ಮೇಲೊಂದು ಸೊಂಟದಲ್ಲೊಂದು ಬಿಂದ್ಗೆ ಇಟ್ಕೊಂಡು ಎದುರ್ಗೆ ಬಂದೆ. ಅವತ್ತಿಂದ ಯಾರ್ ಮನೆ ಹಿತ್ಲನ್ನೂ ನೋಡ್ದೆ ಬುಟ್ಟಿಲ್ಲ ನಾನು.”

ಅಮ್ಮ ಮುಂದೆ ಹೋಗಿ ತಮ್ಮನ ಶರ್ಟಿಗೆ ಹತ್ತಿದ್ದ ಹುಲ್ಲಿನ ಎಸಳು ತೆಗೆಯತೊಡಗಿದಳು.

“ನೀನು ಬರ್ನಿಲ್ಲ ಅಂತ ನಂಗೆ ಮದ್ವೆಯಾದ ವಾರ್ದಲ್ಲೇ ಗೊತ್ತಾಯ್ತು ಕಣ್ಲಾ. ನಿಮ್ ಭಾವ ಕೇಳುದ್ರು, ಅವತ್ತು ಕೋಳಿ ಕುಯ್ದು ಸಂಜೆಗಂಟ ಕಾದೋ, ನಿಮ್ಮೋರು ಯಾರೂ ಬರ್ನಿಲ್ವಲ್ಲ ಅಂತ. ನಮ್ ತಮ್ಮಂಗೆ ಜ್ವರ ಬಂದಿತ್ತು ಅಂದೆ.”

“ಅಪ್ಪಂಗೆ?”

“ಅಪ್ಪ ಕೇಳ್ದಾಗ್ಲೆಲ್ಲ ಬಾವಿ ತುಂಬ ನೀರದೆ ಅಂದೆ. ಸಾಯೋಗಂಟ ಅಂಗೇ ಅಂದೆ. ಇನ್ನೇನನ್ಲಿ? ಇಲ್ಲ ಅಂದಿದ್ರೆ ನಿನ್ನ ಮನೇಲಿ ಇರುಸ್ಕೊಂತಿತ್ತಾ? ಹತ್ತೊಂಬತ್ ವರ್ಸದ ಹೈದ ಕಣ್ಲಾ ನೀನು.”

ಮಾವ ಟವೆಲ್ಲು ಮುಖಕ್ಕೆ ಒತ್ತಿಕೊಂಡು ನಿಂತುಬಿಟ್ಟರು. ಅವರನ್ನು ಮಾತಿಗೆ ಎಳೆಯಲೆಂದೇ ಇರಬೇಕು, ಅಮ್ಮ ಬೇಕೆಂದೇ ಗದರಿದಳು.

“ಆದ್ರೂ ಸಿನ್ಮಾ ಅಂತ ಗೊತ್ತಿರ್ನಿಲ್ಲ ಬುಡು! ಇಷ್ಟ್ ವರ್ಸ ಜ್ವರ ಜ್ವರ ಅಂತ ಹೇಳ್ಕೊಂಡ್ ಬಂದಿವ್ನಲ್ಲೋ ನಾನು! ಚೆನ್ನಾಗಾದ್ರೂ ಇತ್ತೇನ್ಲಾ?”

ಟವೆಲ್ಲಿನ ಒಳಗಿಂದಲೇ ಮಾವನ ದನಿ ಬಂತು.

“ಪೂರ್ತಿ ನೋಡ್ನಿಲ್ಲ ಅಕ್ಕ. ಅರ್ಧಕ್ಕೇ ನೀನು ನೆಪ್ಪಿಗೆ ಬಂದ್ಬುಟ್ಟೆ. ಎದ್ದು ಬಸ್ ಸ್ಟ್ಯಾಂಡಿಗೆ ಓಡ್ದೆ. ನಾಗಮಂಗಲಕ್ಕಿದ್ದ ಒಂದೇ ಬಸ್ಸು ಒಂಟೋಗಿತ್ತು.”